ಟರ್ಮಿನಲ್‌ನಲ್ಲಿ ಗೇಮ್ ಆಫ್ ಲೈಫ್ ಕೆಟ್ಟರೆ: ಪ್ರಿಂಟೋ, ಡಿಬಗರೋ, ಫೈಲೋ?

ಪ್ರೋಗ್ರಾಂನ ದೋಷ ಹುಡುಕಲು ನಡುನಡುವೆ ಸಾಲು ಪ್ರಿಂಟ್ ಮಾಡಬಹುದು, ಡಿಬಗರ್ (ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗೆ ನೋಡುವ ಸಾಧನ) ಬಳಸಬಹುದು, ಇಲ್ಲವೇ ಎಲ್ಲವನ್ನೂ ಫೈಲಿಗೆ ಬರೆದು ನೋಡಬಹುದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫೈಲಿಗೆ. ಡಿಬಗರನ್ನು ಬೈಯುವುದಕ್ಕೂ ಕಾರಣವಿದೆ, ಮುಂದೆ ಬರುತ್ತದೆ.

ಹೋಲಿಕೆಗೆ ಇಟ್ಟುಕೊಂಡಿರುವುದು ಪೈಥಾನ್‌ನಲ್ಲಿ ಬರೆದ, ಟರ್ಮಿನಲ್ಲಿನಲ್ಲಿ (ಅಕ್ಷರಗಳಷ್ಟೇ ಮೂಡುವ ಕಿಟಕಿ) ಓಡುವ, ಗಣಿತಜ್ಞ ಜಾನ್ ಕಾನ್ವೇಯ ಗೇಮ್ ಆಫ್ ಲೈಫ್. 24 ಸಾಲು, 80 ಕಾಲಂ, ಒಟ್ಟು 1920 ಮನೆ. ಎಡ ಅಂಚು ಬಲ ಅಂಚಿಗೆ, ಮೇಲಂಚು ಕೆಳ ಅಂಚಿಗೆ ಸೇರಿಕೊಂಡಿವೆ. ನಿಯಮ 1970ರಿಂದ ಅದೇ: ಖಾಲಿ ಮನೆಗೆ ಸರಿಯಾಗಿ 3 ಜೀವಂತ ನೆರೆಮನೆ ಇದ್ದರೆ ಹುಟ್ಟು, ಜೀವಂತ ಮನೆಗೆ 2 ಅಥವಾ 3 ಇದ್ದರೆ ಉಳಿವು, ಇಲ್ಲದಿದ್ದರೆ ಸಾವು. ಎಲ್ಲ ಮನೆಗೂ ಈ ನಿಯಮ ಒಂದು ಸಲ ಹಚ್ಚಿದರೆ ಒಂದು ತಲೆಮಾರು. ಚುಕ್ಕಿ ರಂಗೋಲಿಯ ಹಾಗೆ, ಒಂದು ಚುಕ್ಕಿ ತಪ್ಪಿದರೆ ಮುಂದಿನ ಎಳೆಯೆಲ್ಲ ತಪ್ಪುತ್ತದೆ. ಎಲ್ಲಿ ತಪ್ಪಿತು ಅನ್ನುವುದು ಮಾತ್ರ ಐವತ್ತು ತಲೆಮಾರು ಕಳೆದ ಮೇಲೆ ಕಾಣುವುದಿಲ್ಲ.

ಅದೇ ಪರದೆಯ ಮೇಲೆ ಪ್ರಿಂಟ್ ಹಾಕುವುದು: ಬೇಡ. ಸಾಲು ಚಿತ್ರವನ್ನು ಕೆಡಿಸುತ್ತದೆ, ಮುಂದಿನ ತಲೆಮಾರು ಸಾಲನ್ನು ಅಳಿಸುತ್ತದೆ.

ಡಿಬಗರ್ ಅಂದರೆ ಇಲ್ಲಿ ಪೈಥಾನ್ ಜೊತೆಗೇ ಬರುವ ಪಿಡಿಬಿ. ಪೈಥಾನ್ 3.7ರಿಂದ ಈಚೆಗೆ ಕೋಡಿನ ನಡುವೆ ಬ್ರೇಕ್‌ಪಾಯಿಂಟ್ ಫಂಕ್ಷನ್ ಕರೆದರೆ ಸಾಕು, ಅಲ್ಲೇ ನಿಲ್ಲುತ್ತದೆ. ಪ್ರೋಗ್ರಾಂ ಬಿದ್ದು ಸತ್ತಾಗ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಈ ಜಾತಿಯ ಪ್ರೋಗ್ರಾಂ ಬಿದ್ದು ಸಾಯುವುದು ಕಡಿಮೆ. ತಪ್ಪು ಚಿತ್ರ ಬರೆದುಕೊಂಡು ಹಾಯಾಗಿ ಓಡುತ್ತಿರುತ್ತದೆ. ಮನೆಗೆ 8 ನೆರೆಯಂತೆ ಒಂದು ತಲೆಮಾರಿಗೆ 15,360 ಸಲ ನೋಡಬೇಕು. ಒಂದೊಂದೇ ಹೆಜ್ಜೆ ಒತ್ತುತ್ತಾ ಕೂತರೆ, ಜೊತೆಗಾರರು ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದರೂ ನಿಮ್ಮ ಮೊದಲ ತಲೆಮಾರು ಮುಗಿದಿರುವುದಿಲ್ಲ. ಷರತ್ತು ಹಾಕಿ ನಿಲ್ಲಿಸಬಹುದು ನಿಜ. ಅದಕ್ಕೆ ಯಾವ ಮನೆ ತಪ್ಪಿದೆ ಎಂದು ಮೊದಲೇ ಗೊತ್ತಿರಬೇಕು, ಅದು ಗೊತ್ತಿದ್ದರೆ ಡಿಬಗರ್ ಯಾಕೆ ಬೇಕಿತ್ತು?

ಇಷ್ಟಾದರೂ ತಡೆದುಕೊಳ್ಳಬಹುದು. ತಲೆ ಕೆಡಿಸುವುದು ಕರ್ಸಸ್ (ಟರ್ಮಿನಲ್ ಪರದೆಯಲ್ಲಿ ಬೇಕಾದ ಕಡೆ ಬರೆಯಲು ಬಳಸುವ ಲೈಬ್ರರಿ) ಜೊತೆ ಪಿಡಿಬಿ ಸೇರಿದಾಗ. ಕರ್ಸಸ್ ಶುರುವಾದ ಕ್ಷಣದಿಂದ ಟರ್ಮಿನಲ್ ಅದರ ವಶ. ನೀವು ಒತ್ತಿದ ಅಕ್ಷರ ಪರದೆಯಲ್ಲಿ ಮೂಡದ ಹಾಗೆ ಮಾಡಿರುತ್ತೀರಿ. ಹೊಸ ಸಾಲು ಎಂದರೆ ಕರ್ಸರ್ ಕೆಳಗಿಳಿಯುತ್ತದೆಯೇ ಹೊರತು ಎಡಕ್ಕೆ ಹೋಗುವುದಿಲ್ಲ. ಆಗ ಪಿಡಿಬಿ ಬರೆಯುವ ಒಂದೊಂದು ಸಾಲೂ ಹಿಂದಿನದು ಮುಗಿದ ಕಡೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಜಾರುತ್ತದೆ, ನೀವು ಟೈಪ್ ಮಾಡಿದ್ದು ಕಾಣುವುದೇ ಇಲ್ಲ.

ಪರಿಹಾರ ಇದೆ: ನಿಲ್ಲಿಸುವ ಸಾಲಿನ ಮುಂಚೆ ಕರ್ಸಸ್‌ನ ಎಂಡ್‌ವಿನ್ ಕರೆದು ಟರ್ಮಿನಲ್ ಬಿಡಿಸಿಕೊಳ್ಳಬೇಕು, ಮುಂದುವರಿದ ಮೇಲೆ ರಿಫ್ರೆಶ್ ಕರೆದು ಮತ್ತೆ ಅದರ ವಶಕ್ಕೆ ಕೊಡಬೇಕು. ಇಡೀ ಮುಖ್ಯ ಫಂಕ್ಷನ್ನನ್ನು ಕರ್ಸಸ್ ರ‍್ಯಾಪರ್ ಒಳಗೆ ಓಡಿಸಿದರೆ ಪ್ರೋಗ್ರಾಂ ಬಿದ್ದಾಗ ಟರ್ಮಿನಲ್ ತಾನೇ ಸರಿಹೋಗುತ್ತದೆ, ದೋಷದ ಸಂದೇಶವೂ ನೆಟ್ಟಗೆ ಓದಲು ಸಿಗುತ್ತದೆ. ಆದರೆ ಬೇರೆ ಕಿಟಕಿಯಿಂದ ಕಿಲ್ 9 (ಪ್ರೋಗ್ರಾಮನ್ನು ಆ ಕ್ಷಣವೇ ಕೊಲ್ಲುವ ಆಜ್ಞೆ) ಹೊಡೆದರೆ ರ‍್ಯಾಪರ್‌ಗೂ ಅವಕಾಶವಿಲ್ಲ, ಕೆಟ್ಟ ಟರ್ಮಿನಲ್ ಕೆಟ್ಟಂತೆಯೇ ಉಳಿಯುತ್ತದೆ. ಕಿಟಕಿ ಮುಚ್ಚಬೇಡಿ. ಅಕ್ಷರ ಕಾಣದಿದ್ದರೂ ಕುರುಡಾಗಿಯೇ ‘ರೀಸೆಟ್’ ಆಜ್ಞೆ ಟೈಪ್ ಮಾಡಿ. ಎಂಟರ್ ಕೆಲಸ ಮಾಡದಿದ್ದರೆ ಕಂಟ್ರೋಲ್ ಜೊತೆ ಜೆ ಒತ್ತಿ, ಅದೇ ನಿಜವಾದ ಹೊಸ ಸಾಲಿನ ಸಂಕೇತ. ಎಸ್ಕೇಪ್ ಕೋಡ್ (ಟರ್ಮಿನಲ್ಲಿಗೆ ಆಜ್ಞೆ ಕೊಡುವ ವಿಶೇಷ ಅಕ್ಷರಗಳು) ಬಳಸಿ ಕರ್ಸರ್ ಮರೆಮಾಡಿದವರಿಗೆ ಇದರ ಚಿಕ್ಕ ರೂಪ ಕಾದಿರುತ್ತದೆ: ಪ್ರೋಗ್ರಾಂ ಹೋಯಿತು, ಕರ್ಸರೂ ಹೋಯಿತು. ಅದನ್ನು ಮರಳಿ ತೋರಿಸುವ ಕೋಡನ್ನು, ಎರರ್ ಬಂದರೂ ಓಡುವ ಫೈನಲಿ ಭಾಗದಲ್ಲಿ ಇಡಬೇಕು.

ಇನ್ನು ಎರಡನೇ ಕಿಟಕಿಯ ದಾರಿ. ಪಕ್ಕದಲ್ಲಿ ಇನ್ನೊಂದು ಟರ್ಮಿನಲ್ ತೆರೆದು, ಅಲ್ಲಿ ಟಿಟಿವೈ ಆಜ್ಞೆ ಕೊಟ್ಟರೆ ಅದರ ವಿಳಾಸ ಸಿಗುತ್ತದೆ. ಸಂದೇಶಗಳನ್ನು ಚಿತ್ರದಿಂದ ಬೇರೆಯಾಗಿ ಕಳಿಸುವ ದಾರಿಯಾದ ಸ್ಟ್ಯಾಂಡರ್ಡ್ ಎರರನ್ನು ಆ ವಿಳಾಸಕ್ಕೆ ತಿರುಗಿಸಿದರೆ ಚಿತ್ರ ಇಲ್ಲಿ, ಮಾತು ಅಲ್ಲಿ. ಚೆಂದದ ಏರ್ಪಾಡು, ನನ್ನ ಪಟ್ಟಿಯಲ್ಲಿ ಎರಡನೇ ಸ್ಥಾನ. ತೊಡಕು ಎರಡು. ಒಂದು, ಜಾಗ: ಅಕ್ಷರದ ಅಗಲ 8 ಪಿಕ್ಸೆಲ್ ಇದ್ದರೆ 80 ಕಾಲಮ್ಮಿಗೆ 640, ಎರಡು ಕಿಟಕಿಗೆ 1280. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನ 1366 ಪಿಕ್ಸೆಲ್ ಪರದೆಯಲ್ಲಿ ಹೇಗೋ ಹಿಡಿಸುತ್ತದೆ. ಅಕ್ಷರ 9 ಪಿಕ್ಸೆಲ್ ಆಯಿತೋ, 1440, ಹಿಡಿಸುವುದಿಲ್ಲ. ಎರಡು, ಸ್ಟ್ಯಾಂಡರ್ಡ್ ಎರರನ್ನು ಆ ವಿಳಾಸದ ಬದಲು ಫೈಲಿಗೆ ತಿರುಗಿಸಿ, ಫೈಲಿನ ಕೊನೆ ತೋರಿಸುವ ಟೇಲ್ ಆಜ್ಞೆಯಿಂದ ನೋಡುವವರು ಪೈಥಾನ್ 3.9ಕ್ಕಿಂತ ಹಳೆಯದನ್ನು ಬಳಸುತ್ತಿದ್ದರೆ ಏನೂ ಕಾಣದೆ ಕಾಯುತ್ತಾರೆ. ಸಾಲು ಮುಗಿದ ಕೂಡಲೇ ಹೊರಹಾಕುವ ಪದ್ಧತಿ ಬಂದಿದ್ದೇ 3.9ರಲ್ಲಿ. ಹಳೆಯದಕ್ಕೆ, ಕೂಡಿಡದೆ ಹೊರಹಾಕಿಸುವ ಮೈನಸ್ ಯು ಸೇರಿಸಿ ಓಡಿಸಿ.

ಈಗ ಫೈಲು. ಚಿತ್ರ ಬರೆಯುವ ಫಂಕ್ಷನ್ನನ್ನು ಪೂರ್ತಿ ಬದಿಗಿಡಿ. ಪ್ರತಿ ತಲೆಮಾರನ್ನೂ ಜೀವಂತಕ್ಕೆ #, ಖಾಲಿಗೆ . ಹಾಕಿ 24 ಸಾಲಾಗಿ ಫೈಲಿಗೆ ಬರೆಯಿರಿ. ತಲೆಬರಹ, ಖಾಲಿ ಸಾಲು ಏನೂ ಬೇಡ. ಸಾಲಿಗೆ 81 ಬೈಟ್, ತಲೆಮಾರಿಗೆ 1944. ಸಾವಿರ ತಲೆಮಾರು ಓಡಿಸಿದರೂ 2 ಎಂಬಿ ದಾಟುವುದಿಲ್ಲ. ನೆರೆ ಎಣಿಸುವ ಫಂಕ್ಷನ್ನನ್ನು ಇನ್ನೊಂದು ಬಗೆಯಲ್ಲಿ, ನಿಧಾನವಾದರೂ ಪರವಾಗಿಲ್ಲ, ಪೆದ್ದುಪೆದ್ದಾಗಿ ಬರೆದು ಎರಡನೇ ಫೈಲು ಮಾಡಿ. ಎರಡನ್ನೂ ಫೈಲು ಹೋಲಿಸುವ ಸಿಎಂಪಿ ಆಜ್ಞೆಗೆ ಕೊಡಿ. ಮೊದಲು ಬೇರೆಯಾದ ಬೈಟ್ ಮತ್ತು ಸಾಲಿನ ಸಂಖ್ಯೆಯನ್ನು ಅದು ಹೇಳುತ್ತದೆ. ಸಾಲಿನ ಸಂಖ್ಯೆಯಲ್ಲಿ 1 ಕಳೆದು 24ರಿಂದ ಭಾಗಿಸಿ: ಭಾಗಲಬ್ಧ ತಲೆಮಾರು, ಶೇಷ ಸಾಲು. 1000ನೇ ಸಾಲು ಎಂದರೆ 41ನೇ ತಲೆಮಾರಿನ 15ನೇ ಸಾಲು, ಎಣಿಕೆ ಸೊನ್ನೆಯಿಂದ. ಬೈಟ್ ಸಂಖ್ಯೆಯಲ್ಲಿ 1 ಕಳೆದು 81ರಿಂದ ಭಾಗಿಸಿದರೆ ಉಳಿಯುವ ಶೇಷವೇ ಕಾಲಂ. ಇಡೀ ಮಧ್ಯಾಹ್ನ ಹುಡುಕುವ ಮನೆ ಅರ್ಧ ನಿಮಿಷದಲ್ಲಿ ಕೈಗೆ ಸಿಗುತ್ತದೆ. (ಜೀವಂತ ಮನೆಗೆ ಕನ್ನಡದ ೦ ಹಾಕುವ ಆಸೆ ಬೇಡ. ನೋಡಲು ಚೆಂದ, ಆದರೆ ಯುಟಿಎಫ್-8ರಲ್ಲಿ ಅದು 3 ಬೈಟ್, ಲೆಕ್ಕವೆಲ್ಲ ಕೆಡುತ್ತದೆ.)

ಎರಡನೇ ಫಂಕ್ಷನ್ ಬರೆಯಲು ಸೋಮಾರಿತನವಾದರೆ ಗ್ಲೈಡರ್ ಎಂಬ 5 ಮನೆಯ ಆಕೃತಿ ಇದೆ. 4 ತಲೆಮಾರಿಗೆ ಓರೆಯಾಗಿ ಒಂದು ಮನೆ ಸರಿಯುತ್ತದೆ. 24 ಮತ್ತು 80ರ ಲಸಾಅ 240, ಆದ್ದರಿಂದ 960 ತಲೆಮಾರಿಗೆ ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ನಡುವೆ ಎಲ್ಲೂ ಜೀವಂತ ಮನೆ 5ಕ್ಕಿಂತ ಹೆಚ್ಚು ಕಡಿಮೆ ಆಗುವಂತಿಲ್ಲ.

ಹೆಚ್ಚಾಗಿ ಸಿಕ್ಕಿಬೀಳುವ ಕಳ್ಳರು ಮೂವರು. ಹಳೆ ಹಲಗೆಯ ಮೇಲೇ ಹೊಸದನ್ನು ಬರೆಯುವುದು ಮೊದಲನೆಯದು: ಅಡ್ಡ, ಉದ್ದ ಎಂದು ತಿರುಗುತ್ತಾ ಸದಾ 3 ಮನೆಯಾಗಿಯೇ ಇರಬೇಕಾದ ಬ್ಲಿಂಕರ್ ಎಂಬ ಆಕೃತಿ ಅಡ್ಡ ಇದ್ದಾಗ ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಹೋಗುತ್ತಾ ಬರೆದರೆ ಒಂದೇ ತಲೆಮಾರಿಗೆ 4 ಮನೆಯಾಗುತ್ತದೆ. ಫೈಲಿನಲ್ಲಿ 3ರ ನಂತರ 4 ಕಂಡರೆ ಬೇರೆ ಅನುಮಾನ ಬೇಡ. ಎರಡನೆಯದು: ಸೊನ್ನೆಗಳ ಒಂದು ಸಾಲು ಮಾಡಿ ಅದನ್ನೇ 24ರಿಂದ ಗುಣಿಸಿದರೆ ಪೈಥಾನ್ 24 ಸಾಲು ಕೊಡುವುದಿಲ್ಲ, ಒಂದೇ ಸಾಲನ್ನು 24 ಹೆಸರಿನಲ್ಲಿ ಕೊಡುತ್ತದೆ. ಒಂದು # ಇಟ್ಟರೆ ಇಡೀ ಕಾಲಂ ತುಂಬುತ್ತದೆ. ಮೂರನೆಯದು ನಯವಂಚಕ. ಪೈಥಾನ್‌ನಲ್ಲಿ ಮೈನಸ್ 1ನೇ ಮನೆ ಎಂದರೆ ಕೊನೆಯ ಮನೆ, ಹಾಗಾಗಿ ಎಡ ಮತ್ತು ಮೇಲಿನ ಅಂಚು ತಾವಾಗಿಯೇ ಸರಿಯಾಗಿ ಸುತ್ತುತ್ತವೆ, ಬಲ ಮತ್ತು ಕೆಳಗಿನ ಅಂಚಿನಲ್ಲಿ ಮಾತ್ರ ಇಂಡೆಕ್ಸ್ ಎರರ್. ಆ ಎರರನ್ನು ಟ್ರೈ ಹಾಕಿ ಬಾಯಿ ಮುಚ್ಚಿಸಿದವರ ಹಲಗೆ ಅರ್ಧ ಸುತ್ತುತ್ತದೆ, ಅರ್ಧ ಗೋಡೆ. ಸಾಲಿನ ಸಂಖ್ಯೆಯನ್ನು 24ರಿಂದ, ಕಾಲಮ್ಮಿನದನ್ನು 80ರಿಂದ ಭಾಗಿಸಿ ಶೇಷ ತೆಗೆಯುವುದೊಂದೇ ಮದ್ದು. ಸಿ ಭಾಷೆಯಲ್ಲಿ ಋಣ ಸಂಖ್ಯೆಯ ಶೇಷ ಋಣವಾಗಿಯೇ ಉಳಿಯುವುದರಿಂದ ಮೊದಲು ಸಾಲಿಗೆ 24, ಕಾಲಮ್ಮಿಗೆ 80 ಕೂಡಿಸಿ ಆಮೇಲೆ ಶೇಷ ತೆಗೆಯಬೇಕು.

ಫೈಲು ಸರಿಯಾಗಿದ್ದು ಪರದೆ ಮಾತ್ರ ತಪ್ಪಿದರೆ ದೋಷ ಬರೆಯುವ ಭಾಗದ್ದು. 24ನೇ ಸಾಲಿನ ಕೊನೆಗೂ ಹೊಸ ಸಾಲು ಹಾಕಿದ್ದರೆ ಟರ್ಮಿನಲ್ ಮೇಲಕ್ಕೆ ಸರಿದು ಮೊದಲ ಸಾಲು ಮಾಯ, ಕೊನೆಯದಕ್ಕೆ ಹಾಕಬೇಡಿ. ಕರ್ಸಸ್‌ನಲ್ಲಿ ಕೆಳಗಿನ ಬಲ ಮೂಲೆಗೆ ಅಕ್ಷರ ಬರೆದರೆ ಅಕ್ಷರ ಮೂಡಿದರೂ ಎರರ್ ಬರುತ್ತದೆ, ಕರ್ಸರ್ ಮುಂದೆ ಹೋಗಲು ಜಾಗವಿಲ್ಲವಲ್ಲ; ಆ ಒಂದು ಮನೆಗೆ ಕರ್ಸರ್ ಸರಿಸದೆ ಅಕ್ಷರ ಸೇರಿಸುವ ಇನ್ಸ್‌ಚ್ ಬಳಸಿ. ಪರದೆ ಮಿಣುಕಿದರೆ ಪ್ರತಿ ಸಲ ಒರೆಸುವುದನ್ನು ಬಿಟ್ಟು ಕರ್ಸರನ್ನು ಮೇಲಿನ ಎಡ ಮೂಲೆಗೆ ಒಯ್ದು ಮೇಲೆಯೇ ಬರೆಯಿರಿ.

ಎರಡು ಮಾನಿಟರ್ ಇದ್ದು, ದಿನಾ ಡಿಬಗರ್ ಜೊತೆಯೇ ಏಗುವವರಿಗೆ ನನ್ನ ತೀರ್ಪು ಒಗ್ಗದೆ ಇರಬಹುದು. ತುಮಕೂರು–ಬೆಂಗಳೂರು ರೈಲಿನಲ್ಲಿ ತೊಡೆಯ ಮೇಲೆ ಹಳೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬ್ಯಾಟರಿಯ ಶೇಕಡಾ ನೋಡುತ್ತಾ ಕೋಡ್ ತಿದ್ದುವ ನನಗೆ ಫೈಲೇ ಸರಿ. ಸೀಟು ಬಿಟ್ಟುಕೊಟ್ಟು ನಿಲ್ಲಬೇಕಾಗಿ ಬಂದರೆ ಮುಚ್ಚಳ ಮುಚ್ಚಿಬಿಡಬಹುದು, ಯಶವಂತಪುರ ಬಂದ ಮೇಲೆ ತೆರೆದರೂ 41ನೇ ತಲೆಮಾರು ಅಲ್ಲೇ ಇರುತ್ತದೆ.