ರಾತ್ರಿ ಪಾಳಿಯ ನೂಡಲ್ಸ್: ಹತ್ತು ನಿಮಿಷ ಬಿಟ್ಟ ಮೇಲೂ ಯಾವುದು ಚೆನ್ನ?

ನಾನು ಶಿವಮೊಗ್ಗದಲ್ಲಿ ಒಂದು ನರ್ಸಿಂಗ್ ಹೋಮ್ ಪಕ್ಕದ ಮೆಡಿಕಲ್ ಶಾಪ್‌ನಲ್ಲಿ ರಾತ್ರಿ ಪಾಳಿ ಮಾಡುತ್ತೇನೆ. ಹತ್ತಕ್ಕೆ ಕೂತರೆ ಬೆಳಿಗ್ಗೆ ಆರಕ್ಕೆ ಏಳುವುದು. ಮನೆಯಲ್ಲಿ ಊಟ ಮುಗಿಸಿಯೇ ಬಂದಿರುತ್ತೇನೆ, ಆದರೂ ಎರಡೂವರೆ ಹೊತ್ತಿಗೆ ಹೊಟ್ಟೆ ಕರೆಯುತ್ತದೆ. ಮಳೆಗಾಲದಲ್ಲಂತೂ ಬಿಸಿಬಿಸಿ ಏನಾದರೂ ಬೇಕೇ ಬೇಕು. ಅದಕ್ಕೇ ಒಳಗಿನ ಕೋಣೆಯಲ್ಲಿ ಒಂದು ಇಂಡಕ್ಷನ್ ಒಲೆ, ಒಂದು ಸಣ್ಣ ಪಾತ್ರೆ, ಒಂದು ಕೆಟಲ್ ಇಟ್ಟುಕೊಂಡಿದ್ದೇನೆ.

ಸಮಸ್ಯೆ ಒಂದೇ. ನೂಡಲ್ಸ್ ಬಟ್ಟಲಿಗೆ ಸುರಿದು, ಮೊದಲ ತುತ್ತು ಊದಿ ಬಾಯಿಗಿಡುವ ಹೊತ್ತಿಗೆ ಸರಿಯಾಗಿ "ಅಣ್ಣಾ, ಸ್ವಲ್ಪ ಅರ್ಜೆಂಟು" ಅಂತ ಚೀಟಿ ಹಿಡಿದು ಯಾರೋ ನಿಂತಿರುತ್ತಾರೆ. ಹೋಗಲೇಬೇಕು. ಡ್ರಿಪ್ ಸೆಟ್, ಇಂಜೆಕ್ಷನ್, ಮಾತ್ರೆ ಎಲ್ಲ ತೆಗೆದುಕೊಟ್ಟು, ಬಿಲ್ ಮಾಡಿ, ಯಾವ ಮಾತ್ರೆ ಯಾವಾಗ ಅಂತ ಎರಡು ಸಲ ಹೇಳಿ ವಾಪಸ್ ಬರುವಷ್ಟರಲ್ಲಿ ಹತ್ತು ನಿಮಿಷ ಆಗಿರುತ್ತದೆ. ಹಾಗಾಗಿ ನೂಡಲ್ಸ್ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಮೊದಲ ತುತ್ತಲ್ಲ, ಹತ್ತು ನಿಮಿಷ ಕಾದ ಮೇಲಿನ ತುತ್ತು. ಆ ಲೆಕ್ಕದಲ್ಲಿ ನೋಡಿದರೆ ಒಂದಕ್ಕೊಂದು ಎಷ್ಟು ಬೇರೆ ಅಂದರೆ, ಎಲ್ಲಕ್ಕೂ ಒಂದೇ ಹೆಸರು ಹೇಗೆ ಬಂತು ಅನ್ನಿಸುತ್ತದೆ.

ಮೂರು ತಿಂಗಳು ಪರೀಕ್ಷೆ ಮಾಡಿದೆ. ವಾರಕ್ಕೆ ಎರಡು ರಾತ್ರಿ, ಅದಕ್ಕಿಂತ ಜಾಸ್ತಿ ಇಲ್ಲ. ಒಂದೇ ಪಾತ್ರೆ, ಒಂದೇ ಒಲೆ. ಮಕ್ಕಳ ಸಿರಪ್ ಪುಡಿಗೆ ನೀರು ಅಳೆಯುವಂಥದ್ದೇ ಒಂದು ಅಳತೆ ಜಾಡಿಯನ್ನು ಅಡುಗೆಗೆ ಅಂತಲೇ ಬೇರೆ ತಂದುಕೊಂಡೆ. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಇದೆಯೋ ಅಷ್ಟೇ. ಅರ್ಧ ಬಿಸಿಯಿರುವಾಗಲೇ ತಿನ್ನುವುದು, ಇನ್ನರ್ಧಕ್ಕೆ ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡುವುದು.

ಮೊದಲು ಮ್ಯಾಗಿ ಮಸಾಲಾ. ನಮ್ಮ ಕಡೆ ನೂಡಲ್ಸ್ ಅಂದರೆ ಮ್ಯಾಗಿಯೇ ಅಲ್ವಾ, ಬೇರೆ ಕಂಪನಿಯದ್ದನ್ನು ಕೊಂಡರೂ "ಮ್ಯಾಗಿ ಕೊಡಿ" ಅಂತಲೇ ಕೇಳುತ್ತೇವೆ. 1983ರಲ್ಲಿ ಭಾರತಕ್ಕೆ ಬಂದದ್ದು. ನಮ್ಮ ನಂಜನಗೂಡಿನ ಕಾರ್ಖಾನೆಯಲ್ಲೂ ಇದು ತಯಾರಾಗುತ್ತದೆ. 70 ಗ್ರಾಂ ಬಿಲ್ಲೆಗೆ 210 ಮಿಲಿ ನೀರು ಅನ್ನುತ್ತದೆ ಪ್ಯಾಕೆಟ್. ಎರಡು ನಿಮಿಷ ಅನ್ನುವುದು ನೀರು ಕುದಿ ಬಂದ ಮೇಲಿನ ಲೆಕ್ಕ. ಮಸಾಲೆ ಬಗ್ಗೆ ನನಗೆ ಎರಡು ಮಾತಿಲ್ಲ. ಧನಿಯಾ, ಅರಿಶಿನ, ಮೆಂತ್ಯ, ಈರುಳ್ಳಿ ಪುಡಿ ಎಲ್ಲ ಸೇರಿದ ಆ ಘಮ ಕೌಂಟರಿನವರೆಗೂ ಬರುತ್ತದೆ. ಬಿಸಿಯಿರುವಾಗ ತಿಂದರೆ ಇದರ ಮುಂದೆ ಇನ್ನೊಂದಿಲ್ಲ.

ಆದರೆ ಎಳೆ ಸಣ್ಣದು, ಮೆತ್ತಗಿನದು. ಮುಚ್ಚಿಟ್ಟು ಹತ್ತು ನಿಮಿಷ ಬಿಟ್ಟರೆ ಇದ್ದ ನೀರನ್ನೆಲ್ಲ ಕುಡಿದು ಮೈ ತುಂಬಿಕೊಂಡು ಕೂತಿರುತ್ತದೆ. ಚಮಚ ಹಾಕಿದರೆ ಕೇಕಿನ ಹಾಗೆ ಕತ್ತರಿಸಿಕೊಂಡು ಬರುತ್ತದೆ. ಕೆಲವರಿಗೆ ಹೀಗೇ ಇಷ್ಟ, ನನ್ನ ತಂಗಿ ಬೇಕೆಂದೇ ಹಾಗೆ ಬಿಟ್ಟು ತಿನ್ನುತ್ತಾಳೆ. ನನಗೆ ಎಳೆ ಎಳೆಯಾಗಿ ಬೇಕು. ನಾನು ಕಂಡುಕೊಂಡ ಉಪಾಯ: 210ರ ಬದಲು 280 ಮಿಲಿ ನೀರು, ಬಿಲ್ಲೆಯನ್ನು ಮುರಿಯದೆ ಹಾಗೇ ಹಾಕುವುದು, ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಇಳಿಸುವುದು. ಆಗ ಹತ್ತು ನಿಮಿಷದ ನಂತರ ಸರಿಯಾದ ಹದಕ್ಕೆ ಬಂದಿರುತ್ತದೆ.

ಯಾಕೆ ಹೀಗೆ ನೀರು ಕುಡಿಯುತ್ತದೆ ಅನ್ನುವುದು ತಿಳಿದರೆ ಉಳಿದವುಗಳ ಸ್ವಭಾವವೂ ಅರ್ಥವಾಗುತ್ತದೆ. 1958ರಲ್ಲಿ ಜಪಾನಿನ ಮೊಮೊಫುಕು ಆಂಡೊ ಮೊದಲ ಇನ್‌ಸ್ಟಂಟ್ ನೂಡಲ್ಸ್ ಮಾಡಿದಾಗ ಹಿಡಿದ ದಾರಿಯೇ ಇವತ್ತಿಗೂ ನಡೆಯುತ್ತಿದೆ. ಹಿಟ್ಟಿನ ಎಳೆಯನ್ನು ಮೊದಲು ಹಬೆಯಲ್ಲಿ ಬೇಯಿಸುತ್ತಾರೆ, ಆಮೇಲೆ ಎಣ್ಣೆಯಲ್ಲಿ ಕರಿಯುತ್ತಾರೆ. ಒಳಗಿನ ನೀರು ಆವಿಯಾಗಿ ಹೊರಗೆ ಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ನಾವು ಬಿಸಿನೀರು ಹಾಕಿದಾಗ ಆ ತೂತುಗಳ ದಾರಿಯಲ್ಲೇ ನೀರು ಒಳಗೆ ನುಗ್ಗುತ್ತದೆ. ಅಂದರೆ ನಾವು ಬೇಯಿಸುತ್ತಿಲ್ಲ, ಬೆಂದದ್ದನ್ನು ನೆನೆಸುತ್ತಿದ್ದೇವೆ. ಒಲೆ ಆರಿಸಿದರೂ ನೆನೆಯುವುದು ನಿಲ್ಲುವುದಿಲ್ಲ. ಎಳೆ ದಪ್ಪ ಇದ್ದರೆ ನಿಧಾನ, ಸಣ್ಣದಾದರೆ ಬೇಗ. ಇನ್ನೊಂದು ವಿಷಯ, ಲೇಬಲ್ ಓದುವುದು ನನ್ನ ಕೆಲಸವೇ ಆದ್ದರಿಂದ ಕಣ್ಣಿಗೆ ಬಿತ್ತು: ಹಲವು ಪ್ಯಾಕೆಟ್‌ಗಳಲ್ಲಿ 412 ಅಂತ ಒಂದು ಸಂಖ್ಯೆ ಇರುತ್ತದೆ. ಅದು ಗೌರ್ ಗಮ್, ನಮ್ಮ ಗೋರಿಕಾಯಿ ಬೀಜದಿಂದ ಬರುವ ಅಂಟು. ಸಂಖ್ಯೆ ನೋಡಿ ಹೆದರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಸನ್‌ಫೀಸ್ಟ್ ಯಿಪ್ಪಿ ಮ್ಯಾಜಿಕ್ ಮಸಾಲಾಗೆ ನಾನು ಬಂದದ್ದು 2015ರಲ್ಲಿ. ಆ ವರ್ಷ ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿಯನ್ನು ನಿಲ್ಲಿಸಿತು, ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶ ರದ್ದು ಮಾಡಿತು, ನವೆಂಬರ್‌ನಲ್ಲಿ ಮತ್ತೆ ಅಂಗಡಿಗೆ ಬಂತು. ಆ ಐದು ತಿಂಗಳಲ್ಲಿ ಬೇರೆಯವು ಕೈಗೆ ಸಿಕ್ಕವು, ಅವುಗಳ ರುಚಿ ಏನು ಅಂತ ಗೊತ್ತಾಯಿತು. ಯಿಪ್ಪಿಯ ಬಿಲ್ಲೆ ದುಂಡಗೆ, ಪಾತ್ರೆಗೆ ಸರಿಯಾಗಿ ಕೂರುತ್ತದೆ, ಮುರಿಯಬೇಕಿಲ್ಲ. ಎಳೆ ಉದ್ದ, ಮ್ಯಾಗಿಗಿಂತ ಒಂದು ಪಾಲು ದಪ್ಪ, ನುಣುಪು. ಮಸಾಲೆಯಲ್ಲಿ ಒಣಗಿಸಿದ ತರಕಾರಿ ಚೂರುಗಳೂ ಇರುತ್ತವೆ.

ಹತ್ತು ನಿಮಿಷದ ಪರೀಕ್ಷೆಯಲ್ಲಿ ಗೆದ್ದದ್ದು ಇದೇ. ತಟ್ಟೆ ತೆಗೆದು ಫೋರ್ಕ್ ತಿರುಗಿಸಿದರೆ ಎಳೆಗಳು ಒಂದರ ಮೇಲೊಂದು ಜಾರಿಕೊಂಡು ಬಂದವು. ತಳದಲ್ಲಿ ಎರಡು ಚಮಚದಷ್ಟು ಗಸಿ ಇನ್ನೂ ಉಳಿದಿತ್ತು. ಒಂದು ರಾತ್ರಿ ಮೂರು ಗಿರಾಕಿ ಸಾಲಾಗಿ ಬಂದು ಇಪ್ಪತ್ತೈದು ನಿಮಿಷ ಆಯಿತು, ಆಗಲೂ ತಣ್ಣಗಾಗಿತ್ತೇ ಹೊರತು ಮುದ್ದೆ ಆಗಿರಲಿಲ್ಲ. ಮಸಾಲೆ ಮಾತ್ರ ನನ್ನ ನಾಲಿಗೆಗೆ ಸ್ವಲ್ಪ ಸಿಹಿ ಅನ್ನಿಸುತ್ತದೆ. ಒಂದು ಹಸಿಮೆಣಸಿನಕಾಯಿ ಸೀಳಿ ನೀರಿಗೆ ಹಾಕಿ, ಕೊನೆಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಸರಿಹೋಗುತ್ತದೆ.

ಟಾಪ್ ರಾಮೆನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಂಡೊ ಕಟ್ಟಿದ ನಿಸ್ಸಿನ್ ಕಂಪನಿಯದ್ದೇ ಇದು. ಕರಿ ರುಚಿಯದ್ದನ್ನು ಸಾರಿನ ಹಾಗೆ ನೀರು ಜಾಸ್ತಿ ಇಟ್ಟು ಮಾಡಿದರೆ ಚೆನ್ನ. ಕಾಯುವುದರಲ್ಲಿ ಮ್ಯಾಗಿಗೂ ಯಿಪ್ಪಿಗೂ ಮಧ್ಯೆ. ಗೋಧಿ ಹಿಟ್ಟಿನ ನೂಡಲ್ಸ್ ಅಂತ ಬರುವ ಎರಡು ಮೂರು ಬಗೆಯನ್ನೂ ನೋಡಿದೆ. ಎಳೆ ಬೇಗ ತುಂಡಾಗುತ್ತದೆ, ಹಿಟ್ಟಿನ ವಾಸನೆ ಮುಂದೆ ಬರುತ್ತದೆ. ಗೋಧಿಯದ್ದು ಅನ್ನುವ ಒಂದೇ ಕಾರಣಕ್ಕೆ ಕೊಳ್ಳುವವರು ಹಿಂದೆ ತಿರುಗಿಸಿ ಎಣ್ಣೆ, ಉಪ್ಪು ಎಷ್ಟಿದೆ ಅಂತಲೂ ನೋಡಿ. ಬಹಳಷ್ಟು ಸಲ ಅದೂ ಕರಿದದ್ದೇ.

ಈಗ ನನ್ನ ಪ್ರೀತಿಯದ್ದು, ವೈ ವೈ. ನೇಪಾಳದ ಚೌಧರಿ ಗ್ರೂಪ್‌ನವರದ್ದು, 1980ರ ದಶಕದಿಂದ ಇದೆ. ನಮ್ಮ ನರ್ಸಿಂಗ್ ಹೋಮ್‌ಗೆ ಸಿಕ್ಕಿಂ ಕಡೆಯಿಂದ ಬಂದಿದ್ದ ಒಬ್ಬ ನರ್ಸ್ ಒಂದು ರಾತ್ರಿ ಪ್ಯಾಕೆಟ್ಟನ್ನು ಒಡೆಯದೆ ಅಂಗೈಯಲ್ಲಿ ಹಿಡಿದು ಪಟಪಟ ಹಿಸುಕಿ ಪುಡಿ ಮಾಡಿ, ಆಮೇಲೆ ಒಡೆದು ಒಳಗಿನ ಮೂರು ಸಣ್ಣ ಪೊಟ್ಟಣ, ಅಂದರೆ ಮಸಾಲೆ, ಈರುಳ್ಳಿ ಎಣ್ಣೆ, ಖಾರದಪುಡಿ, ಮೂರನ್ನೂ ಅದಕ್ಕೇ ಸುರಿದು ಬಾಯಿ ಮುಚ್ಚಿ ಕುಲುಕಿ ಕೈಗೆ ಕೊಟ್ಟರು. ಒಲೆಯೂ ಇಲ್ಲ, ನೀರೂ ಇಲ್ಲ. ಇದರ ಎಳೆ ಕಂದು ಬಣ್ಣದ್ದು, ಮೊದಲೇ ಮಸಾಲೆ ಹಿಡಿಸಿ ಕರಿದದ್ದು, ಹಾಗಾಗಿ ಹಸಿಯಾಗಿ ತಿಂದರೂ ಮೈದಾ ರುಚಿ ಬರುವುದಿಲ್ಲ.

ಅವತ್ತಿನಿಂದ ನಾನು ಅದನ್ನು ನಮ್ಮ ಚುರುಮುರಿ ಥರ ಮಾಡುತ್ತೇನೆ. ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಕೊತ್ತಂಬರಿ ಸೊಪ್ಪು, ಒಂದು ಹಿಡಿ ಕಡಲೇಬೀಜ, ನಿಂಬೆರಸ. ಒಮ್ಮೆ ನಮ್ಮ ಅಂಗಡಿ ಮಾಲೀಕರು ಬಂದಾಗ ಕೊಟ್ಟೆ, ಗಾಂಧಿ ಬಜಾರಿನ ಗಾಡಿಯಿಂದ ತಂದದ್ದಾ ಅಂತ ಕೇಳಿದರು. ಕಾಯುವ ವಿಷಯದಲ್ಲಿ ಇದರ ಲೆಕ್ಕವೇ ಬೇರೆ. ಟೊಮೆಟೊ, ನಿಂಬೆರಸ ಹಾಕುವ ಮುಂಚೆ ಗಂಟೆಗಟ್ಟಲೆ ಬಿಟ್ಟರೂ ಗರಿಗರಿ. ಹಾಕಿದ ಮೇಲೆ ಐದೇ ನಿಮಿಷ. ನೀರಿನಲ್ಲಿ ಸೂಪಿನ ಹಾಗೆ ಮಾಡಿದರೆ ಈರುಳ್ಳಿ ಎಣ್ಣೆಯ ಘಮ ಬಹಳ ಚೆನ್ನಾಗಿ ಬರುತ್ತದೆ, ಆದರೆ ಎಳೆ ಬೇಗ ಸೋಲುತ್ತದೆ. ಇದರಲ್ಲಿ ಚಿಕನ್ ರುಚಿಯದ್ದೂ ಇದೆ, ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಿಯೇ ಕೊಳ್ಳಿ.

ಈ ಹಸಿರು ಚುಕ್ಕೆಯ ಮಾತು ಕೊರಿಯಾದವಕ್ಕೆ ಇನ್ನೂ ಜಾಸ್ತಿ ಅನ್ವಯ. ಶಿನ್ ರಾಮ್ಯುನ್ 1986ರಿಂದ ನೊಂಗ್‌ಶಿಮ್ ಕಂಪನಿ ಮಾಡುತ್ತಿದೆ, ಮೂಲದ್ದು ಗೋಮಾಂಸದ ಸಾರಿನ ರುಚಿಯದ್ದು, ಸಸ್ಯಾಹಾರಿ ಬಗೆ ಬೇರೆ ಸಿಗುತ್ತದೆ. ನಾನು ತಿಂದದ್ದು ಸಸ್ಯಾಹಾರಿಯದ್ದು. 550 ಮಿಲಿ ನೀರು, ನಾಲ್ಕೂವರೆ ನಿಮಿಷ. ನನ್ನ ಪಾತ್ರೆ ಸಾಲದೆ ಮನೆಯಿಂದ ದೊಡ್ಡದು ತಂದೆ. ಎಳೆ ದಪ್ಪ, ಎಳೆದರೆ ರಬ್ಬರಿನ ಹಾಗೆ ಮರಳುತ್ತದೆ. ಹತ್ತು ನಿಮಿಷ ಬಿಟ್ಟಾಗ ಊದಿಕೊಂಡಿತ್ತು, ಆದರೆ ಸಾರು ಅಷ್ಟೊಂದು ಇರುವುದರಿಂದ ಅಂಟಲಿಲ್ಲ. ಸಾರಿನ ಖಾರ ಗಂಟಲಿಗೆ ನಿಧಾನವಾಗಿ ಇಳಿಯುವಂಥದ್ದು. ಶೀತ ಹಿಡಿದ ರಾತ್ರಿಗೆ ನಮ್ಮ ಮೆಣಸಿನ ಸಾರು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಬೆಲೆ ಮಾತ್ರ ನಮ್ಮವುಗಳ ಹಲವು ಪಟ್ಟು. ತಿಂಗಳಿಗೊಮ್ಮೆ ಸರಿ.

ಸ್ಯಾಮ್‌ಯಾಂಗ್‌ನವರ ಬುಲ್ಡಾಕ್ ನನ್ನ ಜೊತೆ ಕೆಲಸ ಮಾಡುವ ಹುಡುಗ ಆಸೆಪಟ್ಟು ತಂದ. 2012ರಲ್ಲಿ ಶುರುವಾದದ್ದು, ಇದು ಸಾರಿನದ್ದಲ್ಲ. 600 ಮಿಲಿ ನೀರಲ್ಲಿ ಬೇಯಿಸಿ, ಎಂಟು ಚಮಚ ಉಳಿಸಿ ಉಳಿದದ್ದನ್ನು ಬಸಿದು, ಕೆಂಪು ಸಾಸ್ ಹಾಕಿ ಅರ್ಧ ನಿಮಿಷ ಬಾಡಿಸಬೇಕು. ಬಣ್ಣ ಬ್ಯಾಡಗಿ ಮೆಣಸಿನಕಾಯಿಯಂತೆ, ಖಾರ ಬ್ಯಾಡಗಿಯ ಹತ್ತಿರವೂ ಇಲ್ಲ, ಅದರ ಎಷ್ಟೋ ಪಾಲು. ಹುಡುಗ ಮೂರನೇ ತುತ್ತಿಗೆ ನಿಲ್ಲಿಸಿ ಮೊಸರಿನ ಪ್ಯಾಕೆಟ್ ಹುಡುಕಿದ. 2024ರಲ್ಲಿ ಡೆನ್ಮಾರ್ಕ್ ಇದರ ಮೂರು ಬಗೆಯನ್ನು ಖಾರ ಅತಿ ಆಯಿತು ಅಂತ ಅಂಗಡಿಗಳಿಂದ ತೆಗೆಸಿತ್ತು, ಆಮೇಲೆ ಎರಡನ್ನು ಮತ್ತೆ ಬಿಟ್ಟಿತು. ಗ್ಯಾಸ್ಟ್ರಿಕ್ ಇರುವವರಿಗೆ, ಸಣ್ಣ ಮಕ್ಕಳಿಗೆ ದಯವಿಟ್ಟು ಕೊಡಬೇಡಿ. ಮಾರನೇ ದಿನ ನಮ್ಮ ಕೌಂಟರಿಗೆ ಬಂದು ಮಾತ್ರೆ ಕೇಳುವ ಮಕ್ಕಳನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಇಂಡೊಮಿ ಮಿ ಗೊರೆಂಗ್ ಸಿಕ್ಕಿದ್ದು ಸೌದಿಯಲ್ಲಿರುವ ಭಾವಮೈದನಿಂದ. ಇಂಡೊನೇಷ್ಯಾದ್ದು, ಆದರೆ ಅಲ್ಲಿ ಸೌದಿಯಲ್ಲೇ ತಯಾರಾಗುತ್ತದೆ. ಕರಾವಳಿಯಿಂದ ಗಲ್ಫ್‌ಗೆ ಹೋದವರ ಕೋಣೆಗಳಲ್ಲಿ ಇದು ಇದ್ದೇ ಇರುತ್ತದೆ ಅಂತ ಅವನು ಹೇಳುತ್ತಿದ್ದ. ಮೂರು ನಿಮಿಷ ಬೇಯಿಸಿ ನೀರು ಪೂರ್ತಿ ಬಸಿದು, ತಟ್ಟೆಯಲ್ಲಿ ಹಾಕಿಟ್ಟ ಮಸಾಲೆ, ಎಣ್ಣೆ, ಸಿಹಿ ಸೋಯಾ, ಖಾರಕ್ಕೆ ಕಲೆಸುವುದು. ಮೇಲೆ ಕರಿದ ಈರುಳ್ಳಿ. ನೀರೇ ಇಲ್ಲದ್ದರಿಂದ ಕಾದರೂ ಊದುವುದಿಲ್ಲ, ಎಣ್ಣೆ ಇರುವುದರಿಂದ ಅಂಟುವುದಿಲ್ಲ. ಹತ್ತು ನಿಮಿಷದ ಪರೀಕ್ಷೆಯಲ್ಲಿ ಯಿಪ್ಪಿಗೆ ಸರಿಸಮ. ರುಚಿ ಕೇಳಿದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ನನ್ನ ಹತ್ತಿರದ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಅದೊಂದೇ ಬೇಜಾರು.

ಉಪ್ಪಿನ ವಿಷಯ ಹೇಳದೆ ಇರಲಾಗುವುದಿಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೊರಿಯಾದ ದೊಡ್ಡ ಪ್ಯಾಕೆಟ್ಟಿನ ಸಾರನ್ನು ಪೂರ್ತಿ ಕುಡಿದರೆ ಅದರ ಬಹುಪಾಲು ಒಂದೇ ಊಟಕ್ಕೆ ಮುಗಿಯುತ್ತದೆ. ನಾನು ಮಸಾಲೆಯನ್ನು ಮುಕ್ಕಾಲು ಪಾಲು ಮಾತ್ರ ಹಾಕುತ್ತೇನೆ, ಒಂದು ಮೊಟ್ಟೆ ಇಲ್ಲವೇ ಒಂದು ಹಿಡಿ ಬಟಾಣಿ ಸೇರಿಸುತ್ತೇನೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಅರ್ಧಕ್ಕಿಂತ ಜಾಸ್ತಿ ಹಾಕಬೇಡಿ, ಸಾರು ಬಿಟ್ಟುಬಿಡಿ. ಹಾಗೆಯೇ ತಾರೀಖು ನೋಡಿ ಕೊಳ್ಳಿ. ಒಂದು ಸಲ ಅವಧಿ ಮುಗಿಯಲು ವಾರವಿದ್ದ ಒಂದು ಪ್ಯಾಕೆಟ್ ಒಡೆದಾಗ ಎಣ್ಣೆ ಕಮಟು ವಾಸನೆ ಬಂತು, ತಿನ್ನದೆ ಎಸೆದೆ. ಬಿಸಿಲು ಬೀಳುವ ಜಾಗದಲ್ಲಿ ಇಟ್ಟಿದ್ದರೆ ಕರಿದ ಪದಾರ್ಥ ಬೇಗ ಹಾಗಾಗುತ್ತದೆ.

ಈಗ ನನ್ನ ಡ್ರಾಯರಿನಲ್ಲಿ ಇರುವುದು ನಾಲ್ಕು ಯಿಪ್ಪಿ, ಎರಡು ವೈ ವೈ, ಒಂದು ಮ್ಯಾಗಿ. ಆ ಮ್ಯಾಗಿ ಭಾನುವಾರ ರಾತ್ರಿಗೆ. ಅವತ್ತು ಗಿರಾಕಿ ಕಡಿಮೆ, ಬಿಸಿ ಆರುವ ಮುಂಚೆ ಕೂತು ತಿನ್ನಬಹುದು.