ಸೀಟಿ ತಕ್ಷಣ ಊದಬೇಕಾ, ಒಂದು ಕ್ಷಣ ಕಾಯಬೇಕಾ?

ಹೊಸದಾಗಿ ಬ್ಯಾಸ್ಕೆಟ್‌ಬಾಲ್ ರೆಫರಿ ಆದವರನ್ನು ಕಾಡುವ ಪ್ರಶ್ನೆ ಇದು. ತಕ್ಷಣ ಊದುವವರ ಆಟ ಹಿಡಿತದಲ್ಲಿರುತ್ತದೆ, ತಳ್ಳಾಟ ಬೆಳೆಯುವುದಿಲ್ಲ. ಆದರೆ ಕಣ್ಣಿಗಿಂತ ಮೊದಲು ಬಾಯಿ ಓಡಿದರೆ ಕಷ್ಟ.

ಒಂದು ಲೇಅಪ್ (ಬುಟ್ಟಿಯ ಹತ್ತಿರ ಓಡಿಬಂದು ಚೆಂಡು ಹಾಕುವುದು) ನೋಡಿ. ಆಟಗಾರ್ತಿ ನುಗ್ಗುತ್ತಾಳೆ, ಡಿಫೆಂಡರ್ ಕೈ ಚಾಚುತ್ತಾಳೆ, ‘ಟಪ್’ ಅಂತ ಸದ್ದು. ಅವಸರದವರು ಅಲ್ಲೇ ಊದಿಬಿಡುತ್ತಾರೆ. ಅರ್ಧ ಕ್ಷಣ ತಡೆದವರಿಗೆ ಕೈ ಬಡಿದದ್ದು ಚೆಂಡಿಗೆ ಅಂತ ಕಾಣುತ್ತದೆ. ಒಮ್ಮೆ ಊದಿದ ಸೀಟಿಯನ್ನು ವಾಪಸ್ ನುಂಗಲು ಆಗಲ್ಲ, ಅಲ್ವಾ? (ನಾನು ಪ್ರಯತ್ನಿಸಿದ್ದೇನೆ.)

ಹಾಗಂತ ಎಲ್ಲದಕ್ಕೂ ಕಾಯಬೇಡಿ. ಚೆಂಡು ಗೆರೆ ದಾಟಿದರೆ, ಟ್ರಾವೆಲ್ (ಚೆಂಡು ಪುಟಿಸದೆ ಹೆಚ್ಚು ಹೆಜ್ಜೆ ಇಡುವುದು) ಸ್ಪಷ್ಟವಾಗಿದ್ದರೆ, ಹೊಡೆದಾಟದ ವಾಸನೆ ಬಂದರೆ ತಡ ಮಾಡುವುದೇ ತಪ್ಪು. ತಡವಾದ ಸೀಟಿ ಕೋಚ್ ಕೂಗಿದ್ದಕ್ಕೆ ಊದಿದಂತೆ ಕಾಣುತ್ತದೆ. ಕಾಯುವ ಶೈಲಿಯ ದೊಡ್ಡ ಅಪಾಯ ಅದೇ.

ಮುಂದಾಲೋಚನೆ ಎರಡರಲ್ಲೂ ಬೇಕು, ಆದರೆ ಬೇರೆ ಬೇರೆ ರೀತಿ. ಅವಸರದವರು ಫೌಲನ್ನೇ ಊಹಿಸುತ್ತಾರೆ, ಆಗದಿದ್ದರೂ ಕಂಡುಬಿಡುತ್ತದೆ. ಕಾಯುವವರು ಆಟವನ್ನು ಊಹಿಸುತ್ತಾರೆ. ಪೋಸ್ಟ್‌ಗೆ (ಬುಟ್ಟಿಯ ಹತ್ತಿರದ ಜಾಗಕ್ಕೆ) ಪಾಸ್ ಬರಲಿದೆ ಅನ್ನಿಸಿದರೆ ಬೇಸ್‌ಲೈನ್ (ಬುಟ್ಟಿಯ ಹಿಂದಿನ ಗೆರೆ) ಬಳಿ ಎರಡು ಹೆಜ್ಜೆ ಸರಿದು, ಇಬ್ಬರ ಮೈ ನಡುವಿನ ಸಂದು ಕಾಣುವ ಜಾಗದಲ್ಲಿ ನಿಲ್ಲುತ್ತಾರೆ. 28 ಮೀಟರ್ ಉದ್ದದ ಅಂಕಣದಲ್ಲಿ ಇಬ್ಬರೇ ರೆಫರಿಗಳಿದ್ದಾಗ ಈ ಎರಡು ಹೆಜ್ಜೆಗೆ ಬೆಲೆ ಜಾಸ್ತಿ.

ನನ್ನ ಆಯ್ಕೆ: ಬುಟ್ಟಿಯ ಬಳಿ ಕಾಯುವ ಸೀಟಿ, ಗೆರೆಗಳ ಬಳಿ ಚುರುಕು ಸೀಟಿ. ಚಿಕ್ಕ ಮಕ್ಕಳ ಪಂದ್ಯವಾದರೆ ಒರಟಾಟಕ್ಕೆ ಇನ್ನಷ್ಟು ಬೇಗ ಊದುತ್ತೇನೆ.