ವೈರಾಣುವೋ ಶಿಲೀಂಧ್ರವೋ: ಬ್ಯಾಟರಿ ಎಲೆಕ್ಟ್ರೋಡಿಗೆ ಎರಡು ಜೈವಿಕ ದಾರಿಗಳು

ಲಿಥಿಯಂ-ಅಯಾನ್ ಬ್ಯಾಟರಿಯ ಆನೋಡಿಗೆ, ಅಂದರೆ ಋಣ ಎಲೆಕ್ಟ್ರೋಡಿಗೆ, ಬೇಕಾದ ಲೋಹದ ಆಕ್ಸೈಡನ್ನು ಜೀವಿಗಳ ನೆರವಿನಿಂದ ತಯಾರಿಸುವ ಎರಡು ವಿಧಾನಗಳನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡಿದ್ದೇನೆ. ಮೊದಲನೆಯದು, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಏಂಜೆಲಾ ಬೆಲ್ಚರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದಂತೆ, ಎಂ13 ಎಂಬ ವೈರಾಣುವಿನ ಮೈಮೇಲೆ ಕೋಬಾಲ್ಟ್ ಆಕ್ಸೈಡ್ ಬೆಳೆಸುವುದು. ಎರಡನೆಯದು, ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಜೆಫ್ರಿ ಗ್ಯಾಡ್ ಅವರ ತಂಡ 2016ರಲ್ಲಿ ತೋರಿಸಿಕೊಟ್ಟ, ನ್ಯೂರೋಸ್ಪೋರಾ ಕ್ರಾಸಾ ಶಿಲೀಂಧ್ರದಿಂದ ಮ್ಯಾಂಗನೀಸ್ ಆಕ್ಸೈಡ್ ಪಡೆಯುವ ದಾರಿ. ಲೋಹಗಳೇ ಬೇರೆಯಾದ್ದರಿಂದ ವಿದ್ಯುತ್ ಸಾಮರ್ಥ್ಯದ ಅಂಕಿಗಳನ್ನು ಎದುರುಬದುರು ಇಟ್ಟು ತೂಗುವುದು ನ್ಯಾಯವಲ್ಲ; ನನ್ನ ಹೋಲಿಕೆ ತಯಾರಿಕೆಯ ಕ್ರಮಕ್ಕೆ ಸೀಮಿತ.

ಎಂ13 ಸುಮಾರು 880 ನ್ಯಾನೊಮೀಟರ್ ಉದ್ದದ, ಆರೇಳು ನ್ಯಾನೊಮೀಟರ್ ದಪ್ಪದ ಎಳೆ. ಒಂದೇ ಬಗೆಯ ಪ್ರೋಟೀನಿನ ಸುಮಾರು 2,700 ಪ್ರತಿಗಳು ಅದನ್ನು ಹೊದ್ದಿರುತ್ತವೆ. ಆ ಪ್ರೋಟೀನಿಗೆ ನಾಲ್ಕು ಗ್ಲುಟಮೇಟುಗಳು (ಋಣಾವೇಶದ ಅಮೈನೊ ಆಮ್ಲಗಳು) ಸೇರುವಂತೆ ಜೀನನ್ನು ತಿದ್ದಿದರೆ ಎಳೆಯ ಉದ್ದಕ್ಕೂ ಋಣಾವೇಶ ಹೆಚ್ಚಿ ಕೋಬಾಲ್ಟ್ ಅಯಾನುಗಳು ಬಂದು ಕೂರುತ್ತವೆ. ಬಳಿಕ ಸೋಡಿಯಂ ಬೋರೋಹೈಡ್ರೈಡ್ ಹನಿಸಿದೊಡನೆ ನಸುಗೆಂಪು ದ್ರಾವಣ ಗುಳ್ಳೆಯೆಬ್ಬಿಸುತ್ತ ಕಪ್ಪಾಗುತ್ತದೆ. ನೀರಿನಲ್ಲೇ ಆಕ್ಸೈಡ್ ರೂಪುಗೊಳ್ಳುತ್ತದೆ. ಇದೆಲ್ಲ ಕೋಣೆಯ ಉಷ್ಣತೆಯಲ್ಲೇ ನಡೆಯುತ್ತದೆ, ಸಿಗುವ ಆಕ್ಸೈಡಿನ ನವಿರು ತಂತಿಗಳೂ ಒಂದೇ ಹದದವು. ಈ ಅಚ್ಚುಕಟ್ಟುತನದಲ್ಲಿ ಇದಕ್ಕೆ ಸಾಟಿಯಾದದ್ದನ್ನು ನಾನು ಕಂಡಿಲ್ಲ.

ತೊಡಕಿರುವುದು ಪ್ರಮಾಣದಲ್ಲಿ. ಈ ವೈರಾಣು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಮಾತ್ರ ಬೆಳೆಯುತ್ತದೆ. ಬ್ಯಾಕ್ಟೀರಿಯಾ ಬೆಳೆಸಿದ ಒಂದು ಲೀಟರ್ ದ್ರವವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಮತ್ತು ಉಪ್ಪು ಹಾಕಿ ವೈರಾಣುವನ್ನು ಒತ್ತರಿಸಿ ತಳಕ್ಕಿಳಿಸಿದ ಮೇಲೆ ಕೊಳವೆಯ ಗೋಡೆಗೆ ಅಂಟಿದ ತೆಳುವಾದ ಬಿಳಿ ಪದರವಷ್ಟೇ ಕೈಗೆ ಬರುತ್ತದೆ, ತೂಕ ಕೆಲವು ಹತ್ತು ಮಿಲಿಗ್ರಾಂ. ನಾಣ್ಯದಾಕಾರದ ಪುಟ್ಟ ಕಾಯಿನ್ ಸೆಲ್ಲಿಗೆ ಅಷ್ಟು ಸಾಕು, ಅದಕ್ಕಿಂತ ದೊಡ್ಡದಕ್ಕೆ ಸಾಲದು. ಮೇಲಾಗಿ 0.2 ಮೈಕ್ರಾನಿನ ಫಿಲ್ಟರನ್ನೂ ದಾಟುವ ಈ ವೈರಾಣು ಪಕ್ಕದವರ ಇ. ಕೋಲಿ ತಳಿಗಳಿಗೆ ತಗುಲದಂತೆ ನೋಡಿಕೊಳ್ಳುವುದೇ ಒಂದು ಕೆಲಸ.

ಶಿಲೀಂಧ್ರದ ದಾರಿ ಒರಟು, ಆದರೆ ಉದಾರ. ಯೂರಿಯಾ ಮತ್ತು ಮ್ಯಾಂಗನೀಸ್ ಕ್ಲೋರೈಡ್ ಬೆರೆಸಿದ ಮಾಧ್ಯಮದಲ್ಲಿ ಶಿಲೀಂಧ್ರ ಯೂರಿಯಾವನ್ನು ಒಡೆಯುತ್ತದೆ, ಕಾರ್ಬೊನೇಟು ಹುಟ್ಟಿ ಮ್ಯಾಂಗನೀಸಿನೊಡನೆ ಸೇರಿ ಶಿಲೀಂಧ್ರದ ಎಳೆಗಳ ಮೇಲೆ ಗಟ್ಟಿಯಾಗುತ್ತದೆ. ಫ್ಲಾಸ್ಕಿನ ಹತ್ತಿ ತೆಗೆದಾಗ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆಯೇ ಕೆಲಸ ಸಾಗುತ್ತಿದೆ ಎಂಬುದಕ್ಕೆ ಗುರುತು. ಆಮೇಲೆ ಸುಮಾರು 300 ಡಿಗ್ರಿಯಲ್ಲಿ ಕಾಯಿಸಿದರೆ ಕಾರ್ಬೊನೇಟು ಆಕ್ಸೈಡಾಗುತ್ತದೆ, ಶಿಲೀಂಧ್ರ ಕರಕಲಾಗಿ ಇಂಗಾಲವಾಗುತ್ತದೆ. ಹೀಗಾಗಿ ಆಕ್ಸೈಡಿನ ಜೊತೆಯಲ್ಲೇ ಇಂಗಾಲವೂ ಬೆರೆತು ಬರುತ್ತದೆ. ಜೀನು ತಿದ್ದುವ ಗೊಡವೆಯಿಲ್ಲ. ನಮ್ಮ ಸಂಡೂರಿನಲ್ಲೇ ತೆಗೆಯುವ ಮ್ಯಾಂಗನೀಸ್, ಕೋಬಾಲ್ಟಿಗಿಂತ ಬಹಳ ಅಗ್ಗದ ಲೋಹವೂ ಹೌದು. ಆದರೆ ಕಣಗಳ ಗಾತ್ರ ಪ್ರತಿ ಬಾರಿಯೂ ಬದಲಾಗುತ್ತಿತ್ತು. ತೊಳೆಯುವುದರಲ್ಲಿ ಕ್ಲೋರೈಡ್ ಉಳಿದುಬಿಟ್ಟರೆ ಸೆಲ್ ಬೇಗ ಸೊರಗುತ್ತಿತ್ತು. ಕಿತ್ತಳೆ ಬಣ್ಣದ ಬೀಜಕಗಳು ಮೇಜು, ಕಪಾಟು, ಪಿಪೆಟ್ಟಿನ ಹಿಡಿಕೆ ಯಾವುದನ್ನೂ ಬಿಡುವುದಿಲ್ಲ.

ಸೆಲ್ ಕಟ್ಟಿದ ಮೇಲೆ ಎರಡರ ರೋಗವೂ ಒಂದೇ. ಚಾರ್ಜ್ ಮಾಡಿ ಬಳಸುವ ಮೊದಲ ಸುತ್ತಿನಲ್ಲೇ ಸಾಮರ್ಥ್ಯದ ಒಂದು ಪಾಲು ಮರಳಿ ಬಾರದಂತೆ ಹೋಗುತ್ತದೆ. ಚಾರ್ಜ್ ಮಾಡುವ ವೋಲ್ಟೇಜಿಗೂ ಬಳಸುವ ವೋಲ್ಟೇಜಿಗೂ ದೊಡ್ಡ ಅಂತರವಿದ್ದು ಶಕ್ತಿ ಶಾಖವಾಗಿ ಪೋಲಾಗುತ್ತದೆ. ಇದು ಇಂಥ ಆಕ್ಸೈಡುಗಳ ಗುಣವೇ ಹೊರತು ಜೀವಿಗಳ ದೋಷವಲ್ಲ. ಆನೋಡಿಗೆ ಸಾಮಾನ್ಯವಾಗಿ ಬಳಸುವ ಗ್ರಾಫೈಟ್ ಇನ್ನೂ ಮಾರುಕಟ್ಟೆ ಬಿಟ್ಟುಕೊಡದಿರಲು ಇದೂ ಒಂದು ಕಾರಣ.

ರಚನೆ ಬದಲಾದಂತೆ ಎಲೆಕ್ಟ್ರೋಡಿನ ನಡತೆ ಹೇಗೆ ಬದಲಾಗುತ್ತದೆಂದು ಅಭ್ಯಾಸ ಮಾಡುವವರಿಗೆ ನಾನು ವೈರಾಣುವನ್ನೇ ಸೂಚಿಸುತ್ತೇನೆ. ಗ್ರಾಂ ಲೆಕ್ಕದಲ್ಲಿ ಪುಡಿ ಬೇಕಾದವರು ಕುಲುಮೆಯ ವಿದ್ಯುತ್ ಖರ್ಚನ್ನೂ ಲೆಕ್ಕಕ್ಕೆ ಹಿಡಿದು ಶಿಲೀಂಧ್ರವನ್ನು ಆರಿಸಿಕೊಳ್ಳಬಹುದು, ಅದಕ್ಕೊಂದು ಪ್ರತ್ಯೇಕ ಕೋಣೆ ಇದ್ದರೆ.